ಹೊರಗಿನ ದಿನಗಳು

ತಲೆಯ ಮೇಲೆ ಮೂರನೆಯ ಚೊಂಬು ಬಿಸಿನೀರು ಬೀಳುವ ಹೊತ್ತಿಗೆ ಹಿಲ್ಲಾಳ ಎಡಗೈ ಪೂರ್ತಿಯಾಗಿ ಅವಳದಲ್ಲದಂತಾಗಿತ್ತು. ಬೆರಳುಗಳು ಕಣ್ಣಿಗೆ ಕಾಣುತ್ತಿದ್ದವು, ಸೋಪನ್ನು ಹಿಡಿದುಕೊಂಡೂ ಇದ್ದವು. ಹಿಡಿದಿರುವ ಸುದ್ದಿ ಮಾತ್ರ ಅವಳಿಗೆ ಬಂದು ಮುಟ್ಟುತ್ತಿರಲಿಲ್ಲ. ಸೋಪು ಜಾರಿ ಕಲ್ಲಿನ ಮೇಲೆ ಬಿದ್ದ ಸದ್ದು ಕೇಳಿದ ಮೇಲಷ್ಟೇ ಕೈ ಬರಿದಾಗಿದೆ ಎಂದು ಗೊತ್ತಾಯಿತು. ನವಸಾರಿಯ ಮೇ ತಿಂಗಳು. ಬಾವಿಯ ನೀರೇ ಬೆಚ್ಚಗಿರುವ ದಿನಗಳಲ್ಲಿ ಹಂಡೆ ಕಾಯಿಸಿ ಸ್ನಾನ ಮಾಡಿಸುವವರು ಈ ಪಾರ್ಸಿ ಕೇರಿಯಲ್ಲಿ ಅತ್ತೆಯೊಬ್ಬರೇ ಇರಬೇಕು.

"ಏನದು ಬಿದ್ದಿದ್ದು?" ಬಾಗಿಲಾಚೆಯಿಂದ ಅತ್ತೆ ಆಲಾಮಾಯ್ ಕೇಳಿದರು.

"ಸೋಪು, ಮಮ್ಮಾ."

"ಇನ್ನೊಂದು ಬಕೆಟ್ ಕಾಯ್ಸಿದೀನಿ, ತಗೋ."

"ಸಾಕು ಮಮ್ಮಾ."

"ಸಾಕು ಅನ್ನೋಕೆ ನೀನ್ಯಾರು? ಐದು ದಿನದ ಮೈಲಿಗೆ, ಉಗುರುಬೆಚ್ಚಗಿನ ನೀರಿಗೆ ಹೋಗುತ್ತಾ?"

ಐದು ದಿನ ಹಿಲ್ಲಾ ಹೊರಗೆ ಕೂತಿದ್ದಳು. ಹಿಂದಿನ ಕೋಣೆಯ ಕಬ್ಬಿಣದ ಮಂಚ, ಅವಳದೇ ತಟ್ಟೆ, ಅವಳದೇ ಲೋಟ. ದೀಪ ಉರಿಯುವ ಗೂಡಿನ ಕಡೆ ಕಣ್ಣು ಹಾಯಿಸುವಂತಿಲ್ಲ, ಮಗ್ಗದ ಕೋಣೆಗೆ ಕಾಲಿಡುವಂತಿಲ್ಲ. ಪಾರ್ಸಿ ತಿಂಗಳಿನ ಒಂದೊಂದು ದಿನಕ್ಕೂ, ಒಂದೊಂದು ರೋಜಿಗೂ, ಒಬ್ಬ ದೇವತೆಯ ಹೆಸರು. ಖೋರ್ಷೇದ್ ರೋಜಿನ ಬೆಳಿಗ್ಗೆ ಅಡುಗೆಮನೆಯ ಹೊಸ್ತಿಲಾಚೆ ನಿಂತು "ಮಮ್ಮಾ, ಹೊರಗಾದೆ" ಅಂದಿದ್ದಳು. ಆಲಾಮಾಯ್ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಿಂದ ಗೀಟು ಎಳೆದಿದ್ದರು. ಇವತ್ತು ಮೆಹೆರ್ ರೋಜ್, ಐದು ಗೀಟು ಮುಗಿದು ಆರನೆಯ ಬೆಳಗು. ಈ ಐದು ದಿನದಲ್ಲಿ ಹಿಲ್ಲಾಳಿಗೆ ಒಂದು ಹನಿ ರಕ್ತವೂ ಬಂದಿರಲಿಲ್ಲ.

ಮೂರು ವರ್ಷದಿಂದ ಅವಳ ಅಂದಾಜು ತಪ್ಪಿರಲಿಲ್ಲ. ಮುಟ್ಟಿಗೆ ಮೂರು ದಿನ ಮೊದಲು, ಒಮ್ಮೊಮ್ಮೆ ನಾಲ್ಕು, ಎಡಗೈ ಮರಗಟ್ಟುತ್ತಿತ್ತು. ಎಡಗಣ್ಣಿನ ಮುಂದೆ ಯಾರೋ ಎಣ್ಣೆ ಸವರಿದ ಗಾಜು ಹಿಡಿದಂತಾಗುತ್ತಿತ್ತು. ಮೆಟ್ಟಿಲ ಮೇಲೆ ಎಡಪಾದ ತಾನೆಲ್ಲಿದ್ದೇನೆಂಬುದನ್ನೇ ಮರೆಯುತ್ತಿತ್ತು. ರಕ್ತ ಕಾಣಿಸಿಕೊಂಡ ಮರುದಿನವೋ ಅದರ ಮರುದಿನವೋ, ಬಂದ ನೆಂಟರು ಹೇಳದೆ ಕೇಳದೆ ಹೊರಟುಹೋದ ಹಾಗೆ, ಎಲ್ಲ ತಾನಾಗಿ ಇಳಿಯುತ್ತಿತ್ತು. ಅವಳು ಮಾಡಿದ್ದಿಷ್ಟೆ: ಕೈ ಮರಗಟ್ಟಿದ ದಿನವೇ ಹೊರಗಾದೆನೆಂದು ಹೇಳಿಬಿಡುವುದು. ಹೊರಗಾದವಳನ್ನು ಯಾರೂ ಮಗ್ಗಕ್ಕೆ ಕರೆಯುವುದಿಲ್ಲ. ಲೋಟ ಬೀಳಿಸಿದರೆ ಯಾಕೆಂದು ಕೇಳುವುದಿಲ್ಲ. ಹಗಲಲ್ಲಿ ಮಲಗಿದರೆ ಎಬ್ಬಿಸುವುದಿಲ್ಲ. ಐದು ದಿನ ಕಳೆದು ತಲೆಗೆ ನೀರು ಹಾಕಿಕೊಂಡು ಒಳಗೆ ಬರುವಾಗ ಕೈ ಬಂದಿರುತ್ತಿತ್ತು. ರಕ್ತ ನಿಂತಿರುತ್ತಿರಲಿಲ್ಲ. ಇನ್ನೂ ಎರಡು ದಿನ, ಮೂರು ದಿನ, ಯಾರಿಗೂ ಕಾಣದಂತೆ ಬಟ್ಟೆ ಬದಲಾಯಿಸುತ್ತ, ಎಪ್ಪತ್ತೆರಡು ಎಳೆ ಉಣ್ಣೆಯನ್ನು ಮಗ್ಗದ ಮೇಲೆ ಬಿಗಿದು, ಮಕ್ಕಳ ಸೊಂಟಕ್ಕೆ ಮೂರು ಸುತ್ತು ಬರುವ ಪವಿತ್ರ ದಾರ ಕಸ್ತಿಯನ್ನು ಅವಳು ನೇಯುತ್ತಿದ್ದಳು. ಮುಟ್ಟಾದವಳ ನೆರಳೂ ಬೀಳಬಾರದ ಕಸ್ತಿಯನ್ನು.

ಈ ಸಲ ಕೈ ಹೋಯಿತು, ರಕ್ತ ಬರಲಿಲ್ಲ. ರಕ್ತ ಬರದೆ ಕೈ ವಾಪಸು ಬರುವುದಿಲ್ಲ. ಹೊರಗೆ ಕೂರುವ ಐದು ದಿನವನ್ನು ಅವಳು ಸುಮ್ಮನೆ ಖರ್ಚು ಮಾಡಿಬಿಟ್ಟಿದ್ದಳು. ತಿಂಗಳಿಗೆ ಎರಡು ಸಲ ಹೊರಗಾಗುವ ಹೆಂಗಸು ಯಾವ ಕೇರಿಯಲ್ಲಿದ್ದಾಳೆ?

ಮಗ್ಗದ ಕೋಣೆಯಲ್ಲಿ ಉಯ್ಯಾಲೆಯ ಮೇಲೆ ಕೂತು ನಾದಿನಿ ಕೇತಿ ಖಾರಿ ಬಿಸ್ಕತ್ತನ್ನು ಪುದೀನ ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಮುಂಬಯಿಯಿಂದ ಬಂದು ಎರಡು ದಿನವಾಗಿತ್ತು. ಬರುವ ಭಾನುವಾರ ಅವಳ ಮಗಳು ಪರಿಜಾದಳ ನವಜೋತ್. ಎಂಟು ವರ್ಷದ ಹುಡುಗಿ ಮೊದಲ ಸಲ ಕಸ್ತಿ ಕಟ್ಟಿಕೊಳ್ಳುವ ದಿನ. ಆ ಕಸ್ತಿಯೇ ಈಗ ಮಗ್ಗದ ಮೇಲಿದ್ದದ್ದು. ಗೇಣುದ್ದ ನೇಯ್ಗೆ ಉಳಿದಿತ್ತು. ಹನ್ನೆರಡಕ್ಕೆ ಹಿಲ್ಲಾಳ ಗಂಡ, ಪುರೋಹಿತ ಜಾಲ್, ಅಗ್ನಿಮಂದಿರ ಅಗಿಯಾರಿಯಿಂದ ಬಂದು, ಮಂತ್ರ ಹೇಳಿ, ಅದನ್ನು ಕತ್ತರಿಸಬೇಕು. ಆಮೇಲೆ ತುದಿ ಹೆಣೆದು ತೊಳೆದರೆ ಸಂಜೆಯ ಗಾಡಿಗೆ ಕೇತಿಯ ಚೀಲ ಸೇರುತ್ತದೆ.

"ಬಂದ್ಯಾ ಭಾಭಿ, ಅಂತೂ ಒಳಗೆ! ಎರಡು ದಿನ ಅಮ್ಮನ ಅಡುಗೆ ತಿಂದು ನನ್ನ ಹೊಟ್ಟೆ ಹೊರಗಾಗಿದೆ."

"ನಿನ್ನ ಹೊಟ್ಟೆ ಒಳಗಿದ್ದಿದ್ದು ಯಾವಾಗ?" ಅಂದರು ಆಲಾಮಾಯ್, ಮಗ್ಗದ ಪಕ್ಕದ ಮಣೆಯ ಮೇಲೆ ಮಂಡಿ ಹಿಡಿದುಕೊಂಡು ಕೂರುತ್ತ.

ಕೇತಿ ನಕ್ಕಳು. ಹಿಲ್ಲಾಳೂ ನಕ್ಕಳು, ಒಂದು ಕ್ಷಣ ತಡವಾಗಿ. ನಗುವುದನ್ನೂ ನೋಡಿಕೊಂಡು ಮಾಡಬೇಕಾಗಿತ್ತು, ಬಾಯಿಯ ಎಡಮೂಲೆ ಜೊತೆಗೆ ಬರುತ್ತಿದೆಯೋ ಇಲ್ಲವೋ ಎಂದು.

ಅವಳು ಮಗ್ಗದ ಮುಂದೆ ಕೂತಳು. ನೇಯ್ಗೆ ಕಣ್ಣಿನ ಕೆಲಸವಲ್ಲ, ಬೆರಳಿನ ಕೆಲಸ. ಒಂಬತ್ತು ವರ್ಷದ ಹಿಂದೆ ಸೊಸೆಯಾಗಿ ಬಂದಾಗ ಆಲಾಮಾಯ್ ಅವಳ ಕಣ್ಣಿಗೆ ಕರವಸ್ತ್ರ ಕಟ್ಟಿ ಕಲಿಸಿದ್ದರು. ಈಗ ಅವಳು ಎಡಗೈಯನ್ನು ಕಣ್ಣಿನಿಂದ ನಡೆಸುತ್ತಿದ್ದಳು, ದಾರಿ ತಪ್ಪುವ ಕುರಿಯನ್ನು ಕಾಯುವ ಹಾಗೆ. ಮೇಲಿನ ಸಾಲು ಎತ್ತಿದೆಯೇ? ಎತ್ತಿದೆ. ನೂಲು ದಾಟಿತೇ? ದಾಟಿತು. ಸರಿಯಾಗಿ ಕಾಣಲೆಂದು ಕತ್ತು ಬಗ್ಗಿಸಿದರೆ ಬೆನ್ನಿನುದ್ದಕ್ಕೂ ಕರೆಂಟು ಹರಿದು ಕಾಲಿನ ಹೆಬ್ಬೆರಳಲ್ಲಿ ಹೊರಬೀಳುತ್ತಿತ್ತು. ಮೊದಲ ಸಲ ಹಾಗಾದಾಗ ಮಗ್ಗಕ್ಕೇ ವಿದ್ಯುತ್ ಹರಿದಿದೆಯೆಂದು ಹೆದರಿ ಕೈ ಹಿಂದೆಗೆದಿದ್ದಳು, ಅದು ಮರದ ಮಗ್ಗವೆಂಬುದನ್ನೇ ಮರೆತು. ಕತ್ತನ್ನು ನೆಟ್ಟಗಿಟ್ಟು ಕಣ್ಣುಗುಡ್ಡೆಯನ್ನಷ್ಟೇ ಕೆಳಗಿಳಿಸಿದಳು. ನೆಟ್ಟಗೆ ಕೂತು ನೇಯುವವಳಿಗೆ ಗರ್ವ ಅನ್ನುತ್ತಾರೆ ಈ ಕೇರಿಯ ಹೆಂಗಸರು. ಅನ್ನಲಿ. ಗರ್ವ ಅಂದರೆ ಬದುಕಬಹುದು. ರೋಗಿ ಅಂದರೆ ಮಗ್ಗದ ಮುಂದಿನ ಈ ಚಾಪೆ ಹೋಗುತ್ತದೆ, ಮತ್ತು ಈ ಮನೆಯಲ್ಲಿ ಅವಳ ಹೆಸರಿನಲ್ಲಿರುವ ಜಾಗ ಈ ಚಾಪೆಯಷ್ಟೇ. ತೊಟ್ಟಿಲು ತೂಗಿದವಳಲ್ಲ. ತವರಿನಿಂದ ಹೊತ್ತು ತಂದವಳಲ್ಲ. ಆಲಾಮಾಯ್‌ಗೆ ಕಣ್ಣಿನ ಪೊರೆ ಬಂದು ಕೈ ನಡುಗತೊಡಗಿದ ವರ್ಷ, ನಾಲ್ಕು ತಲೆಮಾರಿನ ಮಗ್ಗವನ್ನು ಅವಳ ಕಡೆ ತಿರುಗಿಸಿ ಇಟ್ಟು, ಬಂದವರಿಗೆಲ್ಲ "ನನ್ನ ಸೊಸೆ ನೇಯ್ದದ್ದು, ಮುಟ್ಟಿ ನೋಡಿ, ನೀರಿನ ಹಾಗೆ ಹರಿಯುತ್ತೆ" ಅಂದಿದ್ದರು. ಆ ಮಾತಿನ ಮೇಲೆ ಅವಳು ಕೂತಿದ್ದಾಳೆ.

"ಮೆಹೆರ್ ರೋಜ್ ದಿನವೇ ಕಸ್ತಿ ಮುಗೀತಿದೆ, ಒಳ್ಳೇದೇ ಆಯ್ತು," ಆಲಾಮಾಯ್ ಹೇಳಿದರು. "ಮೆಹೆರ್‌ಗೆ ಸಾವಿರ ಕಿವಿ, ಹತ್ತು ಸಾವಿರ ಕಣ್ಣು. ಕೊಟ್ಟ ಮಾತು ತಪ್ಪಿದವರನ್ನ ಹುಡುಕಿಕೊಂಡು ಹೋಗ್ತಾನೆ."

"ಹಾಗಾದ್ರೆ ನಮ್ಮ ಕೇಟರಿಂಗ್‌ನವನ ಮನೆಗೆ ಮೊದಲು ಹೋಗಲಿ," ಅಂದಳು ಕೇತಿ. "ಪಾಂಫ್ರೆಟ್ ಅಂತ ಮಾತಾಗಿತ್ತು, ಈಗ ಯಾವುದೋ ಮೀನು ಹೇಳ್ತಿದಾನೆ."

ನಾಲಿಗೆ ಒಣಗಿತ್ತು. ನೀರು ಕುಡಿಯಲು ಏಳಬೇಕು, ಎದ್ದರೆ ನಡೆಯಬೇಕು. ಒಂದು ಗೆರೆ ಇದೆ ಅಂದುಕೊಂಡು ನಡೀರಿ, ಹಿಮ್ಮಡಿಗೆ ಬೆರಳು ತಾಗಿಸಿ, ಎಂದಿದ್ದರು ಮೂರು ವರ್ಷದ ಹಿಂದೆ ಮುಂಬಯಿಯ ಡಾಕ್ಟರು. ಆಸ್ಪತ್ರೆಯ ಓಣಿಯಲ್ಲಿ, ಸಾಲಾಗಿ ಕೂತ ಜನರ ಮುಂದೆ, ಮೂವತ್ತೊಂದು ವರ್ಷದ ಬಿ.ಎ. ಓದಿದ ಹೆಂಗಸು ಕುಡಿದವಳ ಹಾಗೆ ಎಡಕ್ಕೆ ವಾಲಿ ಗೋಡೆ ಹಿಡಿದಿದ್ದಳು. ಬೆಂಚಿನ ಮೇಲಿದ್ದ ಒಂದು ಮಗು ನಕ್ಕಿತ್ತು. ಕಣ್ಣು ತೋರಿಸಲೆಂದು ಅಕ್ಕನ ಮನೆಗೆ ಹೋದವಳು ಕಣ್ಣಿನವರಿಂದ ತಲೆಯವರಿಗೆ, ತಲೆಯವರಿಂದ ದೊಡ್ಡ ಯಂತ್ರದ ಸುರಂಗಕ್ಕೆ ದಾಟಿಹೋಗಿದ್ದಳು. ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದಿದೆ ಅಂದರು. ಹೊರಗಿನಿಂದ ಬಂದ ರೋಗವಲ್ಲ, ನಿಮ್ಮ ಮೈಯೇ ಅದನ್ನು ಕಿತ್ತುಹಾಕುತ್ತಿದೆ. ನಿಮ್ಮ ಪಾರ್ಸಿ ಜನರಲ್ಲಿ ನಾವಿದನ್ನ ಸ್ವಲ್ಪ ಹೆಚ್ಚೇ ನೋಡ್ತೀವಿ. ಸೊಂಟದ ಸುತ್ತ ಪಟ್ಟಿ ಬಿಗಿದ ಹಾಗಾಗುತ್ತಾ ಎಂದು ಕೇಳಿದಾಗ "ನಾವು ದಿನಕ್ಕೆ ಐದು ಸಲ ಕಟ್ಟೋದೇ ಹಾಗೆ ಡಾಕ್ಟರ್" ಅಂದುಬಿಟ್ಟಿದ್ದಳು. ಅವರು ನಕ್ಕರು. ನಿಜವಾಗಿಯೂ ಅದು ಹಾಗೇ ಇತ್ತು: ಕಾಣದ ಕಸ್ತಿಯೊಂದು ಪಕ್ಕೆಲುಬಿನ ಸುತ್ತ ಮೂರು ಸುತ್ತು ಬಂದು ಯಾರದೋ ಕೈ ಹಿಂದಿನಿಂದ ಎಳೆದು ಗಂಟು ಹಾಕಿದಂತೆ, ಬಿಚ್ಚಲು ತುದಿಯೇ ಸಿಗದಂತೆ. ಕೇಳಬೇಕಾದ್ದನ್ನು ಕೇಳಲು ಅವಳಿಗೆ ಮೂರು ದಿನ ಬೇಕಾಯಿತು. ತೋಳಿಗೆ ಔಷಧಿಯ ಹನಿ ಇಳಿಯುತ್ತಿರುವಾಗ, ಪಕ್ಕದಲ್ಲಿ ಎಳೆಯ ಡಾಕ್ಟರೊಬ್ಬ ನಿಂತಿರುವಾಗ, ಮಾತುಗಳನ್ನು ಒಂದೊಂದೇ ಆರಿಸಿ, "ಇದೆಲ್ಲ ತಿಂಗಳ ಮುಟ್ಟಿಗೆ ಮೊದಲು ಜಾಸ್ತಿಯಾಗುತ್ತೆ. ಆಮೇಲೆ ಇಳಿಯುತ್ತೆ," ಅಂದಳು. ಎಳೆಯ ಡಾಕ್ಟರ್ ಕಿಟಕಿಯ ಕಡೆ ನೋಡಿದ. ಹಿರಿಯ ಡಾಕ್ಟರು ಕೆಟ್ಟವರಲ್ಲ. ಕೆಲವು ಹೆಂಗಸರು ಹಾಗೆ ಹೇಳ್ತಾರೆ, ಆ ದಿನಗಳ ಮೊದಲು ಮೈ ಒಂದಿಷ್ಟು ಬೆಚ್ಚಗಾಗುತ್ತೆ, ಸವೆದ ನರಕ್ಕೆ ಬಿಸಿ ಆಗಿಬರಲ್ಲ, ಹಾರ್ಮೋನಿನ ಏರಿಳಿತವೂ ಇರಬಹುದು, ಖಚಿತವಾಗಿ ಹೇಳೋಕಾಗಲ್ಲ, ಬರೆದಿಡಿ ಅಂದರು. ಅವಳು ಬರೆದಿಟ್ಟಳು. ಚೌಕುಳಿ ಪುಸ್ತಕದಲ್ಲಿ, ಕೈ ಹೋದ ದಿನಕ್ಕೆ ನೀಲಿ ಚುಕ್ಕೆ, ರಕ್ತದ ದಿನಕ್ಕೆ ಕೆಂಪು. ಮೂರು ವರ್ಷದ ಹಾಳೆಗಳಲ್ಲಿ ನೀಲಿ ಮುಂದೆ, ಕೆಂಪು ಹಿಂದೆ, ಕೈಹಿಡಿದು ನಡೆವ ಅಕ್ಕತಂಗಿಯರಂತೆ. ಜಾಲ್‌ಗೆ, ಆಲಾಮಾಯ್‌ಗೆ, ಕಣ್ಣಿನ ಸೋಂಕು ಎಂದಿದ್ದಳು. ಮೊದಲ ಸುಳ್ಳು ಅದು. ಎರಡನೆಯದಕ್ಕೆ ಅಷ್ಟು ಕಷ್ಟವಾಗಲಿಲ್ಲ.

"ಭಾಭಿ, ಎಷ್ಟು ಮೆಲ್ಲಗೆ! ಈ ಹಾಳು ಸೆಖೆಗೆ ನೀನೂ ಕರಗಿಹೋದ್ಯಾ?"

"ಅವಸರಕ್ಕೆ ನೇಯ್ದ ಕಸ್ತಿ ಅವಸರಕ್ಕೇ ಬಿಚ್ಚಿಕೊಳ್ಳುತ್ತೆ," ಅಂದರು ಆಲಾಮಾಯ್. ಆದರೆ ಅವರೂ ನೋಡುತ್ತಿದ್ದರು. ಪೊರೆಯ ಕಣ್ಣಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಹಿಲ್ಲಾಳಿಗೆ ಎಂದೂ ತಿಳಿದಿರಲಿಲ್ಲ. ನಿಮಿಷಕ್ಕೊಮ್ಮೆ ಅವಳು ಆ ಮುಖದ ಕಡೆ ಕಳ್ಳನೋಟ ಹಾಯಿಸುತ್ತಿದ್ದಳು, ಪ್ರತಿ ಸಲವೂ ನೂಲಿನ ಜಾಡು ತಪ್ಪಿಹೋಗುತ್ತಿತ್ತು.

ಮೂವತ್ತು ಕಸ್ತಿಗೂ ಮೇಲಾಯಿತು ಅವಳು ಹಾಗೆ ನೇಯ್ದದ್ದು. ಕೆಲವನ್ನು ಯಾರು ಕಟ್ಟಿಕೊಂಡರೆಂದು ಗೊತ್ತು. ಸೂರತಿನ ದಂತವೈದ್ಯರ ಅವಳಿ ಮಕ್ಕಳು. ಎದುರು ಮನೆಯ ಫ್ರೆದೂನ್. ನವಜೋತ್ ಆದ ತಿಂಗಳಿಗೆ ಅವನಿಗೆ ಟೈಫಾಯ್ಡ್ ಬಂತು. ಟೈಫಾಯ್ಡ್ ನೀರಿನಿಂದ ಬರುತ್ತದೆಂದು ಓದಿದವಳಿಗೆ ಗೊತ್ತಿಲ್ಲವೇ? ಗೊತ್ತು. ಆದರೂ ಇಪ್ಪತ್ತೊಂದು ದಿನ, ಆ ಮನೆಯ ಕಿಟಕಿಯ ಪರದೆ ಸರಿದಾಗಲೆಲ್ಲ ಅವಳು ಕೈಕೆಲಸ ಬಿಟ್ಟು ಆ ಕಡೆ ನೋಡುತ್ತಿದ್ದಳು. ನಂಬಿಕೆಯಿಲ್ಲ ಅಂದುಕೊಂಡರೆ ಅಪರಾಧವೂ ಇಲ್ಲದಾಗಬೇಕಿತ್ತು. ಹಾಗಾಗುವುದಿಲ್ಲ. ಮತ್ತೆ ಜಾಲ್. ಒಳಗೆ ಬಂದ ದಿನ ರಾತ್ರಿ ಅವನು ಮಂಚದ ತನ್ನ ಕಡೆಯಿಂದ ಕೈಚಾಚಿ ಅವಳ ಒದ್ದೆಗೂದಲು ಮುಟ್ಟುತ್ತಿದ್ದ, ಐದು ದಿನ ಮುಟ್ಟದೆ ಇದ್ದವನು. ಅವಳು ತಲೆನೋವು ಅನ್ನುತ್ತಿದ್ದಳು. ಆದರೂ ಕೈ ಹಿಡಿಯುತ್ತಿದ್ದ. ಆ ಕೈಯಲ್ಲೇ ಬೆಳಗಿನ ಜಾವ ಗಂಧದ ಕಟ್ಟಿಗೆ ಹಿಡಿದು ಬೆಂಕಿಯ ಮುಂದೆ ನಿಲ್ಲುತ್ತಿದ್ದ. ಅವನಿಗೆ ಗೊತ್ತಿಲ್ಲದ ತಪ್ಪು ಅವನದಲ್ಲ; ಹಾಗಾದರೆ ಅವನ ಪಾಲಿನದೂ ಸೇರಿ ಎಲ್ಲವೂ ಅವಳದೇ.

"ತಡಿ." ಆಲಾಮಾಯ್‌ರ ಕೈ ಮಗ್ಗದ ಮೇಲೆ ಬಂತು. ತೋರುಬೆರಳು ನೇಯ್ಗೆಯ ಮೇಲೆ ಹಿಂದಕ್ಕೆ ಸಾಗಿ, ನಿಂತು, ಮತ್ತೆ ಮುಂದಕ್ಕೆ ಬಂತು. "ಇಲ್ಲಿ ಎಳೆ ಬಿಟ್ಟಿದೀಯ."

"ಇಲ್ಲ ಮಮ್ಮಾ."

"ನನ್ನ ಕಣ್ಣು ಹೋಗಿದೆ, ಬೆರಳು ಹೋಗಿಲ್ಲ. ಎರಡು ಎಳೆ. ಇಲ್ಲೊಂದು, ಅಂಗುಲ ಬಿಟ್ಟು ಅಲ್ಲೊಂದು." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅಚ್ಚರಿಯಿತ್ತು, ಅದೇ ಹೆಚ್ಚು ಚುಚ್ಚಿತು. "ಕಲಿಯೋ ಹುಡುಗೀರು ಮಾಡೋ ತಪ್ಪು ಇದು. ಮನಸ್ಸು ಎಲ್ಲಿದೆ?"

"ಬಿಚ್ಚಿ ಸರಿ ಮಾಡ್ತೀನಿ."

"ಹನ್ನೊಂದೂಕಾಲು. ಜಾಲ್ ಬರೋ ಹೊತ್ತಾಯ್ತು."

"ಬಿಡಮ್ಮಾ," ಅಂದಳು ಕೇತಿ. "ಎರಡು ಎಳೆ ಯಾರಿಗೆ ಕಾಣುತ್ತೆ? ಪರಿಜಾದ್ ಅದನ್ನ ಎರಡು ದಿನ ಕಟ್ಟಿ ಮೂರನೇ ದಿನ ಗೊಂಬೆಗೆ ಸುತ್ತುತಾಳೆ."

"ಕಾಣೋದಕ್ಕೆ ನೇಯ್ತಾರೇನೇ, ಕತ್ತೆ?"

ಹಿಲ್ಲಾ ಬಿಚ್ಚತೊಡಗಿದಳು. ಬಲಗೈಯೇ ಎರಡೂ ಕೈಯ ಕೆಲಸ ಮಾಡಿತು. ಎಡಗೈ ಎಲೆಯ ಹಾಗೆ ಮಗ್ಗದ ಮೇಲೆ ಬಿದ್ದಿತ್ತು. ಬೆವರು ಕಿವಿಯ ಹಿಂದಿನಿಂದ ಇಳಿಯಿತು. ಅಷ್ಟರಲ್ಲಿ, ಹೊಕ್ಕುಳ ಕೆಳಗೆ ಹಳೆಯ ಪರಿಚಯದ ಒಂದು ಹಿಡಿತ, ಅದರ ಹಿಂದೆಯೇ ಬೆಚ್ಚಗೆ ಏನೋ ಇಳಿದದ್ದು. ಮೈಯ ಉಳಿದದ್ದೆಲ್ಲ ಸುದ್ದಿ ಕೊಡುವುದನ್ನು ನಿಲ್ಲಿಸಿದರೂ ಇದೊಂದು ಸುದ್ದಿ ತಪ್ಪದೆ ಬಂದು ತಲುಪಿತು. ಒಂದು ಕ್ಷಣ ಅವಳಿಗೆ ಸಂತೋಷವೇ ಆಯಿತು: ಬಂತು, ಇನ್ನೆರಡು ದಿನಕ್ಕೆ ಕೈ ಬರುತ್ತದೆ. ಆಮೇಲೆ ತಾನು ಎಲ್ಲಿ ಕೂತಿದ್ದೇನೆಂಬುದು ನೆನಪಾಯಿತು. ಮಗ್ಗದ ಮುಂದೆ. ಚಾಪೆಯ ಮೇಲೆ. ಒಂದು ಮೊಳ ದೂರದಲ್ಲಿ ಆಲಾಮಾಯ್. ಏಳುವಂತಿಲ್ಲ, ಎದ್ದರೆ ತಿಳಿಬಣ್ಣದ ಗೌನು. ಕೂರುವಂತಿಲ್ಲ. ಇದೇ ತಾನೇ ಮೂರು ವರ್ಷ ಮಾಡಿದ್ದು, ಇವತ್ತೇನು ಹೊಸದು ಎಂದು ತನಗೇ ಹೇಳಿಕೊಂಡಳು. ಹೊಸದು ಇಷ್ಟೇ: ಇಷ್ಟು ದಿನ ರಕ್ತವನ್ನು ಅವಳು ಹೊತ್ತು ತಂದು ಇಲ್ಲಿ ಕೂರುತ್ತಿದ್ದಳು. ಇವತ್ತು ಅದು ತಾನಾಗಿ ಇಲ್ಲಿಗೇ ಬಂದಿತ್ತು.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ಜಾಲ್ ಬಿಳಿ ಉಡುಪಿನಲ್ಲಿ ಒಳಗೆ ಬಂದ. ಮೈಯಿಂದ ಗಂಧದ ಹೊಗೆಯ ವಾಸನೆ.

"ಮುಗೀತಾ? ಅಗಿಯಾರಿಯಲ್ಲಿ ಕಾಲಿಡೋಕೆ ಜಾಗ ಇಲ್ಲ ಇವತ್ತು. ಒಂದಕ್ಕೆ ನಾನು ವಾಪಸ್ ಹೋಗಬೇಕು."

"ಎರಡು ಸುತ್ತು ಬಾಕಿ. ನಿನ್ನ ಹೆಂಡತಿ ಇವತ್ತು ಎಳೆ ಬಿಡ್ತಿದಾಳೆ," ಅಂದರು ಆಲಾಮಾಯ್.

"ಅವಳಾ?" ಜಾಲ್ ನಕ್ಕ. ಅವನು ಕೈಕಾಲು ತೊಳೆದು ಬಂದ. ಕೈತೊಳೆಯುವ ಜಾಗದ ಪಕ್ಕ ಸೂರ್ಯನ ಕಡೆ ಮುಖ ಮಾಡಿ ತನ್ನ ಕಸ್ತಿ ಬಿಚ್ಚಿ ಪಠಿಸಿ ಮತ್ತೆ ಕಟ್ಟಿಕೊಂಡ. ಆ ಐದು ನಿಮಿಷದಲ್ಲಿ ಹಿಲ್ಲಾ ಎರಡು ಸುತ್ತು ಮುಗಿಸಿದಳು. ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ. ಈಗ ಸುಮ್ಮನಿದ್ದರಾಯಿತು. ಅವನು ಹೇಳುತ್ತಾನೆ, ಕತ್ತರಿಸುತ್ತಾನೆ, ಹೋಗುತ್ತಾನೆ. ಕೇತಿ ಗಾಡಿ ಹತ್ತುತ್ತಾಳೆ. ಅವಳು ಬಚ್ಚಲಿಗೆ ಹೋಗುತ್ತಾಳೆ. ಮೂವತ್ತರ ಮೇಲೆ ಇನ್ನೊಂದು.

ಜಾಲ್ ಮಗ್ಗದ ಮುಂದೆ ಬಂದು ನಿಂತು, ಟೋಪಿ ಸರಿಮಾಡಿಕೊಂಡು, ಚಾಕು ತೆಗೆದುಕೊಂಡ. ಎಡಗೈಯಲ್ಲಿ ನೇಯ್ಗೆಯನ್ನು ಹಿಡಿದು ಕಣ್ಣು ಮುಚ್ಚಿದ. ಪಠಿಸುವ ಮೊದಲು ಅವನ ಮುಖ ಗಂಭೀರವಾಗದೆ ಸುಮ್ಮನೆ ಖಾಲಿಯಾಗುತ್ತಿತ್ತು, ತೊಳೆದಿಟ್ಟ ಪಾತ್ರೆಯ ಹಾಗೆ. ಆ ಮುಖವನ್ನು ಅವಳು ಇಷ್ಟು ಹತ್ತಿರದಿಂದ ನೋಡಿ ಎಷ್ಟು ದಿನವಾಯಿತು. ಅವನ ತುಟಿ ಮೊದಲ ಅಕ್ಷರಕ್ಕೆ ತೆರೆಯಿತು.

"ಜಾಲ್, ಬೇಡ."

ಅವನು ಕಣ್ಣು ಬಿಟ್ಟ. "ಏನು ಬೇಡ?"

"ಮಂತ್ರ ಹೇಳಬೇಡ. ನಾನು ಹೊರಗಾಗಿದೀನಿ."

ಕೇತಿ ಉಯ್ಯಾಲೆಯ ಮೇಲೆ ಗಟ್ಟಿಯಾಗಿ ನಕ್ಕಳು. "ಭಾಭಿ! ಬೆಳಿಗ್ಗೆ ತಾನೇ ಒಳಗೆ ಬಂದೆ!"

"ಬೆಳಿಗ್ಗೆವರೆಗೂ ಆಗಿರಲಿಲ್ಲ. ಈಗ ಆದೆ."

ಜಾಲ್ ಹಿಂದೆ ಸರಿದ. ಬೇಕೆಂದು ಅಲ್ಲ, ಅರ್ಧ ಹೆಜ್ಜೆ, ಬಿಳಿ ಉಡುಪಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ರಸ್ತೆಯ ಕೆಸರು ದಾಟುವವರ ಹಾಗೆ. ಕೂಡಲೇ ಅವನಿಗೇ ನಾಚಿಕೆಯಾಗಿ ಅಂಚನ್ನು ಬಿಟ್ಟ. ಆದರೆ ಅವಳು ನೋಡಿಯಾಗಿತ್ತು.

"ಖೋರ್ಷೇದ್ ರೋಜ್ ದಿನ ಹೇಳಿದ್ದು?" ಆಲಾಮಾಯ್ ಕೇಳಿದರು.

"ಸುಳ್ಳು."

"ಹೋದ ತಿಂಗಳು ಗೋಶ್ ರೋಜ್ ದಿನ?"

"ಅದೂ."

"ಅದರ ಹಿಂದಿನ ತಿಂಗಳು, ಬೆಹ್ರಾಮ್ ರೋಜ್ ದಿನ..." ಒಂದೊಂದೇ ರೋಜಿನ ಹೆಸರು ಹಿಡಿದು, ಜಪಮಣಿ ಎಳೆಯುವವರಂತೆ, ಅವರು ಹಿಂದಕ್ಕೆ ಹೋಗತೊಡಗಿದರು. ಎಲ್ಲವೂ ಅವರಿಗೆ ನೆನಪಿತ್ತು. ಏಳನೆಯ ತಿಂಗಳಿಗೆ ಹಿಲ್ಲಾ ತಡೆದಳು.

"ಮೂರು ವರ್ಷ, ಮಮ್ಮಾ. ಎಲ್ಲ ತಿಂಗಳೂ. ಹೊರಗಾಗೋಕೆ ಮೊದಲು ನನ್ನ ಕೈ ಹೋಗುತ್ತೆ. ಆಗ ಬಂದು ಹೊರಗಾದೆ ಅಂತ ಹೇಳ್ತಿದ್ದೆ. ಒಳಗೆ ಬಂದಾಗ ಇನ್ನೂ ಆಗ್ತಾ ಇರ್ತಿತ್ತು." ಮಾತು ಸರಾಗವಾಗಿ ಬಂತು, ಎಷ್ಟೋ ಸಲ ಮನಸ್ಸಿನಲ್ಲೇ ತಿದ್ದಿ ಬರೆದಿಟ್ಟ ಮಾತು. "ಕಣ್ಣಿನ ಸೋಂಕಲ್ಲ ಅದು. ನರದ ಕಾಯಿಲೆ. ವಾಸಿಯಾಗಲ್ಲ." ಕಾಯಿಲೆಯ ಹೆಸರನ್ನೂ ಹೇಳಿದಳು. ಈ ಮನೆಯಲ್ಲಿ ಅದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು. ಗೋಡೆಗೆ ತಾಗಿ ಬೇರೆ ಯಾರದೋ ಹೆಸರಿನಂತೆ ಕೇಳಿಸಿತು.

"ಅಂದ್ರೆ ಇದನ್ನ," ಕೇತಿ ಎದ್ದು ನಿಂತಿದ್ದಳು, "ಇದನ್ನ ನೀನು ನನ್ನ ಮಗಳ ಸೊಂಟಕ್ಕೆ ಕಟ್ಟಿಸ್ತಿದ್ದೆ. ನಾನಿಲ್ಲಿ ಕೂತು ಚಹಾ ಕುಡೀತಾ ನೋಡ್ತಾ ಇದ್ದೆ. ಕಸ್ತಿ ನೇಯೋ ಮನೆ ಮಗಳು ಈಗ ಅಂಗಡಿಯಿಂದ ತಂದಳಂತೆ ಅಂತಾರೆ! ಒಂಬತ್ತು ವರ್ಷ ಮಡಿಲು ತುಂಬದ್ದು ಯಾಕೆ ಅಂತ ಈಗ ಗೊತ್ತಾಯ್ತು..."

"ಕೇತಿ, ಬಾಯ್ಮುಚ್ಚು," ಅಂದರು ಆಲಾಮಾಯ್.

ಅವರು ಮಣೆಯಿಂದ ಮಂಡಿಯ ಮೇಲೆ ಮುಂದಕ್ಕೆ ಬಂದು ಹಿಲ್ಲಾಳ ಎಡಗೈಯನ್ನು ಹಿಡಿದುಕೊಂಡರು.

"ಅಮ್ಮಾ, ಮುಟ್ಟಬೇಡ," ಅಂದ ಜಾಲ್.

ಅವರಿಗೆ ಕೇಳಿಸಲಿಲ್ಲವೋ ಏನೋ. ಮಗ್ಗದ ಪಕ್ಕದಲ್ಲಿ ಕಸ್ತಿಯನ್ನು ಒಳಹೊರಗು ಮಾಡುವ ಉದ್ದನೆಯ ಸೂಜಿಯಿತ್ತು. ಅದನ್ನು ತೆಗೆದು ತೋರುಬೆರಳಿನ ತುದಿಗೆ ಒತ್ತಿದರು.

"ಗೊತ್ತಾಗುತ್ತಾ?"

"ಇಲ್ಲ."

"ಆ ಕಡೆ ನೋಡು. ಈಗ?"

"ಇಲ್ಲ ಮಮ್ಮಾ."

"ಈಗ?"

ಹಿಲ್ಲಾ ಗೋಡೆ ನೋಡುತ್ತಿದ್ದಳು. ಏನೂ ಇರಲಿಲ್ಲ. ತಿರುಗಿ ನೋಡಿದಾಗ ಮೂರು ಬೆರಳಿನ ತುದಿಯಲ್ಲೂ ಒಂದೊಂದು ಕೆಂಪು ಬೊಟ್ಟು ಕೂತಿತ್ತು. ಆಲಾಮಾಯ್ ಅದನ್ನೇ ನೋಡುತ್ತಿದ್ದರು. ಇಷ್ಟು ಸಣ್ಣದು ಅವರಿಗೆ ಕಾಣುತ್ತಿತ್ತು.

ಅವರು ಕೈ ಬಿಟ್ಟರು. ಜಾಲ್‌ನ ಕೈಯಿಂದ ಚಾಕು ತೆಗೆದುಕೊಂಡು, ಏನೂ ಪಠಿಸದೆ, ತರಕಾರಿ ಹೆಚ್ಚುವ ಹಾಗೆ, ಮಗ್ಗದ ಮೇಲಿನ ನೇಯ್ಗೆಯನ್ನು ಅಡ್ಡಕ್ಕೆ ಕತ್ತರಿಸಿದರು. ಎಪ್ಪತ್ತೆರಡು ಎಳೆ ಒಂದೇ ಸಲ ಹಿಂದಕ್ಕೆ ಎಗರಿ ಸುರುಳಿಯಾಯಿತು.

ಜಾಲ್ ಊಟ ಮಾಡದೆ ಹೊರಟ. ಹೊಸ್ತಿಲ ಬಳಿ ಒಮ್ಮೆ ನಿಂತು "ನನಗೆ ಹೇಳಬಹುದಿತ್ತು" ಅಂದ. ಅದು ಸಿಟ್ಟೋ ದುಃಖವೋ ಅವನ ಬೆನ್ನಿನಿಂದ ತಿಳಿಯಲಿಲ್ಲ. ಕೇತಿ ಚೀಲಕ್ಕೆ ಬಟ್ಟೆ ತುಂಬುವ ಸದ್ದು ಕೇಳುತ್ತಿತ್ತು, ತುಂಬಿದ್ದನ್ನೇ ತೆಗೆದು ಮತ್ತೆ ತುಂಬುವ ಸದ್ದು. ಹಿಲ್ಲಾ ಹಿಂದಿನ ಕೋಣೆಗೆ ತಾನಾಗಿ ಬಂದು ಬಟ್ಟೆ ಬದಲಿಸಿ ಕಬ್ಬಿಣದ ಮಂಚದ ಮೇಲೆ ಕೂತಳು. ಬೆಳಿಗ್ಗೆ ಮಡಿಸಿಟ್ಟ ಹಾಸಿಗೆ ಇನ್ನೂ ಹಾಗೇ ಇತ್ತು. ಇದೊಂದು ಸಲ ಅವಳು ಇಲ್ಲಿ ನಿಜವಾಗಿ ಕೂತಿದ್ದಳು. ಆ ಯೋಚನೆಗೆ ನಗು ಬರಬೇಕಿತ್ತು.

ಅರ್ಧ ತೆರೆದ ಬಾಗಿಲಿನಿಂದ ನಡುಮನೆ ಕಾಣುತ್ತಿತ್ತು. ಆಲಾಮಾಯ್ ತಲೆಗೆ ಸ್ನಾನ ಮಾಡಿ ಬಂದರು, ಮುಟ್ಟಿದ್ದಕ್ಕೆ. ಒದ್ದೆಗೂದಲ ಮೇಲೆ ಬಿಳಿ ಬಟ್ಟೆ ಕಟ್ಟಿಕೊಂಡು ದೀಪದ ಮುಂದೆ ನಿಂತರು. ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು. ಸೊಂಟಕ್ಕೆ ಕೈ ಹೋಯಿತು. ಆ ಸೊಂಟದಲ್ಲಿದ್ದದ್ದು ಹಿಲ್ಲಾ ನೇಯ್ದ ಕಸ್ತಿ. ಹೋದ ವರ್ಷ ಹೊಸವರ್ಷದ ಹಬ್ಬಕ್ಕೆ, ಬೇರೆ ಯಾರಿಗೋ ನೇಯ್ದದ್ದನ್ನು ಬೆರಳಲ್ಲಿ ಹರಿಸಿ ನೋಡಿ, "ಇದನ್ನ ನಾನಿಟ್ಟುಕೊಳ್ತೀನಿ, ಅವರಿಗೆ ಇನ್ನೊಂದು ಮಾಡಿಕೊಡು" ಎಂದು ಮಗುವಿನ ಹಾಗೆ ಆಸೆಪಟ್ಟು ತೆಗೆದಿಟ್ಟುಕೊಂಡದ್ದು. ಯಾವ ದಿನ ನೇಯ್ದದ್ದು ಅದು? ಹಿಲ್ಲಾಳಿಗೆ ಗೊತ್ತಿತ್ತು. ಆಲಾಮಾಯ್‌ಗೂ ಈಗ ಗೊತ್ತಿರಬೇಕು.

ಅವರು ಗಂಟು ಬಿಚ್ಚಿದರು, ಹಿಂದಿನದು, ಮುಂದಿನದು. ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತರು. ಬಾಯಿ ಪಠಿಸಲಿಲ್ಲ. ಕೊನೆಗೆ ಅದನ್ನು ಸುತ್ತಿ, ಸಣ್ಣದಾಗಿ ಮಡಿಸಿ, ಮೇಜಿನ ಮೇಲಿಟ್ಟು, ಕಪಾಟು ತೆರೆದು ತಳದಿಂದ ಇನ್ನೊಂದನ್ನು ಹುಡುಕಿ ತೆಗೆದರು. ಹಳದಿ ತಿರುಗಿದ, ತುದಿ ಸವೆದ ಹಳೆಯ ಕಸ್ತಿ, ಅವರ ಕೈಯದೇ. ಅದನ್ನು ಹಿಡಿದು ಪಠಿಸತೊಡಗಿದರು.

ಮಂಚದ ಕಬ್ಬಿಣ ಹಿಲ್ಲಾಳ ತೊಡೆಗೆ ಒತ್ತುತ್ತಿತ್ತು. ಇದು ಸರಿ, ಅಂದುಕೊಂಡಳು. ಇದಕ್ಕಿಂತ ಬೇರೆಯಾಗಿದ್ದರೆ ಅವರು ಆಲಾಮಾಯ್ ಆಗಿರುತ್ತಿರಲಿಲ್ಲ. ಅಕ್ಕನಿಗೆ ಫೋನು ಮಾಡಬೇಕು. ಎರಡು ಸೀರೆ, ಆ ಚೌಕುಳಿ ಪುಸ್ತಕ, ಹೊರಡಲು ಹೆಚ್ಚೇನೂ ಬೇಕಾಗಿಲ್ಲ.

ಪಠಣ ಮುಗಿಯಿತು. ಹೆಜ್ಜೆ ಹತ್ತಿರವಾಗಿ, ಹಿಂದಿನ ಕೋಣೆಯ ಹೊಸ್ತಿಲಿಗೆ ಬಂದು ನಿಂತಿತು. ಆಲಾಮಾಯ್ ಒಳಗೆ ಬರಲಿಲ್ಲ. ಒಂದು ಲೋಟ ನೀರನ್ನು ನೆಲದ ಮೇಲಿಟ್ಟು ಕೋಲಿನಿಂದ ಇತ್ತ ತಳ್ಳಿದರು.

"ತಣ್ಣೀರು," ಅಂದರು. ಕೋಲನ್ನು ಗೋಡೆಗೊರಗಿಸಿ, "ಬಿಸಿನೀರು ಹಾಕಿಕೊಳ್ವಾಗ ಸೋಪು ಬಿತ್ತಲ್ಲ, ಬಿಸಿ ತಾಗಿದ್ರೆ ಜಾಸ್ತಿಯಾಗುತ್ತಾ?"

"ಹೂಂ."

"ಬೆಳಿಗ್ಗೆ ಎರಡು ಬಕೆಟ್ ಹಾಕಿಸಿದೆ." ಯಾರ ಮೇಲೋ ದೂರು ಹೇಳುವ ದನಿ. "ಹೇಳೋಕೇನಾಗಿತ್ತು?"

ಹಿಲ್ಲಾ ಬಲಗೈ ಚಾಚಿ ಲೋಟ ತೆಗೆದುಕೊಂಡಳು.

"ಯಾವತ್ತು ಬರುತ್ತೆ ಕೈ?"

ಮೂರು ವರ್ಷ ಎಲ್ಲದಕ್ಕೂ ಅವಳ ಬಳಿ ಒಂದು ದಿನವಿತ್ತು. ಈಗಲೂ ನಾಲಿಗೆಯ ತುದಿಗೆ ಒಂದು ರೋಜಿನ ಹೆಸರು ಬಂದು ನಿಂತಿತು, ನಂಬುವಂಥದ್ದು, ಹತ್ತಿರದ್ದು. ಅದನ್ನು ನುಂಗಿದಳು.

"ಗೊತ್ತಿಲ್ಲ ಮಮ್ಮಾ. ಬರದೇನೂ ಇರಬಹುದು."

ಆಲಾಮಾಯ್ ಬಾಗಿಲ ಚೌಕಟ್ಟಿಗೆ ಕೈಯೂರಿದರು.

"ಮಗ್ಗ ಹಾಗೇ ಇರುತ್ತೆ. ನಾನು ಯಾರನ್ನೂ ಕೂರಿಸಲ್ಲ." ಅವರು ಹೋಗಲು ತಿರುಗಿ, ಮತ್ತೆ ನಿಂತರು. "ಆದ್ರೆ ಇನ್ಮೇಲೆ ಕೈ ಹೋದಾಗ ಕೈ ಹೋಯ್ತು ಅನ್ನು. ಹೊರಗಾದಾಗ ಹೊರಗಾದೆ ಅನ್ನು. ಎರಡನ್ನೂ ಬೇರೆ ಬೇರೆ ಹೇಳು."